ವಿದೇಶ ಮೊದಲೋ, ಪರೀಕ್ಷೆ ಮೊದಲೋ?

ರಾಷ್ಟ್ರೀಯ ಭದ್ರತೆಯ ಕ್ಷೇತ್ರದಲ್ಲಿ ಕೆಲಸ ಹಿಡಿಯುವ ಉದ್ದೇಶದಿಂದ ವಿದೇಶದಲ್ಲಿ ಓದುವ ಕುರಿತು ಉತ್ತರ ಕನ್ನಡ ಜಿಲ್ಲೆಯಿಂದ ಬಂದಿರುವ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಹೆಸರು ಬೇಡವೆಂದು ಕೆಲವರು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ನನಗೆ 21 ವರ್ಷ. ಕಾರವಾರದಲ್ಲಿ ಬಿ.ಎ. ಅಂತಿಮ ವರ್ಷದಲ್ಲಿದ್ದೇನೆ, ಮುಖ್ಯ ವಿಷಯ ರಾಜ್ಯಶಾಸ್ತ್ರ. ಅಜ್ಜನ ಮನೆ ಮತ್ತು ಗದ್ದೆ ಕಾರವಾರ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಹೋದವು. ಹಾಗಾಗಿ ನೌಕಾನೆಲೆಯ ಮಾತು ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ್ದು. ಗುಪ್ತಚರ ವಿಶ್ಲೇಷಣೆ ಅಥವಾ ರಕ್ಷಣಾ ನೀತಿಯ ಕೆಲಸ ಮಾಡಬೇಕೆಂಬ ಆಸೆ ಇದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಒಂದು ವರ್ಷದ ಎಂ.ಎ. ಮುಗಿಸಿ ಬಂದರೆ ‘ರಾ’ ಅಥವಾ ಐ.ಬಿ. ಸೇರುವುದು ಸುಲಭವಾಗುತ್ತದೆಯೇ? (ವಿದ್ಯಾರ್ಥಿನಿ, ಕಾರವಾರ)

ಉತ್ತರ: ಸುಲಭವಾಗುವುದಿಲ್ಲ. ಪ್ರವೇಶ ಮಾಡಿಸಿಕೊಡುವ ಸಲಹಾ ಕಚೇರಿಗಳು ಈ ಮಾತನ್ನು ಹೇಳುವುದು ಅಪರೂಪವಾದ್ದರಿಂದ ಇಲ್ಲಿ ಮೊದಲೇ ಹೇಳುತ್ತಿದ್ದೇವೆ. ವಿದೇಶಗಳ ಗುಪ್ತ ಮಾಹಿತಿ ಕಲೆಹಾಕಲೆಂದು 1968ರಲ್ಲಿ ಸ್ಥಾಪನೆಯಾದ ‘ರಾ’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅಧಿಕಾರಿಗಳನ್ನು ಆರಿಸುವ ಸಂಸ್ಥೆಯಲ್ಲ, ಐ.ಪಿ.ಎಸ್. ಮೊದಲಾದ ಸೇವೆಗಳಲ್ಲಿ ಇರುವವರು ನಿಯೋಜನೆಯ ಮೇಲೆ ಅಲ್ಲಿಗೆ ಹೋಗುತ್ತಾರೆ, ಕೆಲವರು ಅದರದೇ ಸೇವಾವರ್ಗಕ್ಕೆ ಸೇರುತ್ತಾರೆ. ದೇಶದೊಳಗಿನ ಗುಪ್ತಚರ ಸಂಸ್ಥೆಯಾದ ಐ.ಬಿ.ಯ ಬಾಗಿಲಾದರೆ ಎಲ್ಲರಿಗೂ ತೆರೆದಿದೆ. ಅದರ ಸಹಾಯಕ ಕೇಂದ್ರ ಗುಪ್ತಚರ ಅಧಿಕಾರಿ ಹುದ್ದೆಗಳಿಗೆ ಕೇಂದ್ರ ಗೃಹ ಸಚಿವಾಲಯ ಅರ್ಜಿ ಕರೆಯುತ್ತದೆ, ಯಾವುದೇ ವಿಷಯದ ಪದವಿ ಸಾಕು, ಸಾಮಾನ್ಯ ವರ್ಗಕ್ಕೆ ವಯೋಮಿತಿ 18ರಿಂದ 27. ಲಿಖಿತ ಪರೀಕ್ಷೆಯಲ್ಲಿ ಲಂಡನ್ನಿನ ಎಂ.ಎ.ಗೂ ಕಾರವಾರದ ಬಿ.ಎ.ಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಅಂಕ.

ನೀವು ಮೊದಲು ನೋಡಬೇಕಾದದ್ದು ವಯಸ್ಸನ್ನು. ಸೇನಾಧಿಕಾರಿಗಳ ಆಯ್ಕೆಗೆ ನಡೆಯುವ ಸಿ.ಡಿ.ಎಸ್. ಪರೀಕ್ಷೆಯ ಮೂಲಕ ಮಹಿಳೆಯರು ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಸೇರುವುದಕ್ಕೆ 25ರೊಳಗಿರಬೇಕು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಅಸಿಸ್ಟೆಂಟ್ ಕಮಾಂಡೆಂಟ್ ಹುದ್ದೆಗೂ, ಕರಾವಳಿ ರಕ್ಷಣಾ ಪಡೆಯ ಅದೇ ಹೆಸರಿನ ಹುದ್ದೆಗೂ ಸಾಮಾನ್ಯವಾಗಿ 25ರ ಗಡಿ ಇದೆ. ವಾಯುಪಡೆಯ ಅಫ್‌ಕ್ಯಾಟ್ ಪರೀಕ್ಷೆಯಲ್ಲಿ ವಿಮಾನ ಚಾಲನೆಗೆ 24, ನೆಲದ ಕೆಲಸಗಳಿಗೆ 26. ಇವುಗಳಲ್ಲಿ ಉದಾರವಾದದ್ದು ನಾಗರಿಕ ಸೇವಾ ಪರೀಕ್ಷೆ ಒಂದೇ. ಅಲ್ಲಿ ಸಾಮಾನ್ಯ ವರ್ಗಕ್ಕೆ 32ರವರೆಗೆ ಆರು ಅವಕಾಶಗಳಿವೆ, ಹಿಂದುಳಿದ ವರ್ಗ ಮತ್ತು ಪರಿಶಿಷ್ಟರಿಗೆ ಸಡಿಲಿಕೆ ಇದೆ. ಈ ವರ್ಷ ಪದವಿ ಮುಗಿಸಿ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಹೋದರೆ, ಮುಂದಿನ ಸೆಪ್ಟೆಂಬರಿನಲ್ಲಿ ಪ್ರೌಢಪ್ರಬಂಧ ಒಪ್ಪಿಸಿ ಊರಿಗೆ ಬರುವಷ್ಟರಲ್ಲಿ ನಿಮಗೆ 22 ಅಥವಾ 23 ಆಗಿರುತ್ತದೆ. ವರ್ಷಕ್ಕೆ ಎರಡು ಸಲ ನಡೆಯುವ ಸಿ.ಡಿ.ಎಸ್. ಮತ್ತು ಅಫ್‌ಕ್ಯಾಟ್ ಪರೀಕ್ಷೆಗಳು ಆ ವರ್ಷ ಕೈತಪ್ಪುತ್ತವೆ, ಬಂದ ಮೇಲೆ ತಯಾರಿಗೆ ಮತ್ತೆ ಆರೇಳು ತಿಂಗಳು ಬೇಕು. ಆದ್ದರಿಂದ ಸಮವಸ್ತ್ರದ ಆಸೆ ನಿಮಗೆ ನಿಜವಾಗಿಯೂ ಇದ್ದರೆ ಪರೀಕ್ಷೆಯನ್ನು ಈಗಲೇ ಬರೆಯಿರಿ, ವಿದೇಶವನ್ನು ಮುಂದಕ್ಕೆ ಹಾಕಿ.

ಸೇನಾಧಿಕಾರಿಗಳ ಆಯ್ಕೆಗೆ ನಡೆಯುವ ಐದು ದಿನಗಳ ಎಸ್.ಎಸ್.ಬಿ. ಸಂದರ್ಶನದಲ್ಲಿಯೂ ವಿದೇಶಿ ಪದವಿಗೆ ವಿಶೇಷ ಬೆಲೆ ಇಲ್ಲ. ಅಭ್ಯರ್ಥಿಯ ಊರು, ಮನೆ, ಓದಿದ ಕಾಲೇಜು ಇವನ್ನು ಕೆದಕಿ ಕೇಳುತ್ತಾರೆ. ಚೆಂಡಿಯಾದಲ್ಲಿ ಹುಟ್ಟಿದ ರಾಮ ರಾಘೋಬಾ ರಾಣೆ 1948ರಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ನೆಲಬಾಂಬುಗಳನ್ನು ತೆರವು ಮಾಡಿದ್ದೇಕೆ, ಅವರಿಗೆ ಪರಮವೀರ ಚಕ್ರ ಬಂದದ್ದೇಕೆ ಎಂಬುದನ್ನು ಕಾರವಾರದ ಹುಡುಗಿ ತಡವರಿಸದೆ ಹೇಳಬೇಕು. ಸೀಬರ್ಡ್ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿದ್ದು 2005ರಲ್ಲಿ ಐಎನ್‌ಎಸ್ ಕದಂಬ ಎಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ನಡುವಿನ ಹತ್ತೊಂಬತ್ತು ವರ್ಷಗಳಲ್ಲಿ ಭೂಮಿ ಕೊಟ್ಟವರ ಮನೆಯಲ್ಲಿ ನಡೆದದ್ದು ಪುಸ್ತಕ ಓದಿಬಂದವರಿಗೆ ತಿಳಿಯದು, ನಿಮಗೆ ತಿಳಿದಿದೆ. ದೂರಿನ ಧಾಟಿಗೆ ಬೀಳದೆ, ಬಚ್ಚಿಡದೆ ಅದನ್ನು ಹೇಳಲು ಬಂದರೆ ಸಂದರ್ಶಕರು ಕಿವಿಗೊಡುತ್ತಾರೆ.

ಹಾಗಿದ್ದರೆ ವಿದೇಶದ ಓದು ವ್ಯರ್ಥವೇ ಎಂದು ಕೇಳಬಹುದು. ರಕ್ಷಣಾ ನೀತಿಯ ಸಂಶೋಧನೆ, ಅಧ್ಯಾಪನ, ಪತ್ರಿಕೋದ್ಯಮ, ಹಡಗು ಸಾಗಣೆ ಮತ್ತು ಇಂಧನ ಕಂಪನಿಗಳಿಗಾಗಿ ಅಪಾಯದ ಅಂದಾಜು ಮಾಡುವ ಕೆಲಸ, ಇವೆಲ್ಲ ಸರ್ಕಾರಿ ಹುದ್ದೆಯ ಹೊರಗಿರುವ ದೊಡ್ಡ ಕ್ಷೇತ್ರ. ಇಲ್ಲಿ ಒಳ್ಳೆಯ ವಿಶ್ವವಿದ್ಯಾಲಯದ ತರಬೇತಿಗೆ ಬೆಲೆ ಇದೆ. ಕಿಂಗ್ಸ್ ಕಾಲೇಜಿನ ಯುದ್ಧ ಅಧ್ಯಯನ ವಿಭಾಗ, ಸಿಂಗಪುರದ ರಾಜರತ್ನಂ ಅಂತರರಾಷ್ಟ್ರೀಯ ಅಧ್ಯಯನ ಶಾಲೆ, ಕ್ಯಾನ್‌ಬೆರಾದ ಆಸ್ಟ್ರೇಲಿಯಾ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಆರಂಭವಾದ ರಣನೀತಿ ಮತ್ತು ರಕ್ಷಣಾ ಅಧ್ಯಯನ ಕೇಂದ್ರ, ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ, ಇವು ಈ ವಿಷಯಕ್ಕೆ ಹೆಸರಾದವು. ದೆಹಲಿಯ ರಕ್ಷಣಾ ಅಧ್ಯಯನ ಮತ್ತು ವಿಶ್ಲೇಷಣಾ ಸಂಸ್ಥೆ, ಬೆಂಗಳೂರಿನ ತಕ್ಷಶಿಲಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಮುಂತಾದ ಕಡೆ ಇಂಥ ಓದು ಮಾಡಿದವರಿಗೆ ಕೆಲಸವಿದೆ, ಆದರೆ ಹುದ್ದೆಗಳು ಕಡಿಮೆ. ಇನ್ನು ಅಲ್ಲಿಯದೇ ಗುಪ್ತಚರ ಸಂಸ್ಥೆ ಸೇರುವ ಯೋಚನೆ ಬೇಡ. ಬ್ರಿಟನ್ನಿನ ಎಂಐ5, ಎಂಐ6ಗಳಿಗಾಗಲಿ ಅಮೆರಿಕದ ಸಿಐಎಗಾಗಲಿ ಆಯಾ ದೇಶದ ಪೌರತ್ವ ಕಡ್ಡಾಯ, ಮತ್ತು 1955ರ ನಮ್ಮ ಪೌರತ್ವ ಕಾಯ್ದೆಯಂತೆ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ಅಲ್ಲಿಗೇ ಮುಗಿಯುತ್ತದೆ.

ನಮ್ಮ ಅಭಿಪ್ರಾಯದಲ್ಲಿ ವಿದೇಶಕ್ಕೆ ಹೋಗಬೇಕಾದದ್ದು ಇಲ್ಲಿ ಸಿಗದ ವಸ್ತುವಿಗಾಗಿ. ಭದ್ರತಾ ಅಧ್ಯಯನದ ಮೂಲ ಪಾಠಗಳು ಇಲ್ಲಿಯೇ ಸಿಗುತ್ತವೆ: ಪುಣೆ ಮತ್ತು ಮದ್ರಾಸ್ ವಿಶ್ವವಿದ್ಯಾಲಯಗಳ ರಕ್ಷಣಾ ಅಧ್ಯಯನ ವಿಭಾಗಗಳು ಹಳೆಯವು, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ (ಜೆ.ಎನ್.ಯು.) ರಾಷ್ಟ್ರೀಯ ಭದ್ರತೆಗೆಂದೇ ಕೇಂದ್ರವಿದೆ, ಗಾಂಧಿನಗರದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯವಿದೆ, ನಿಮಗೆ ಹತ್ತಿರದ ಮಣಿಪಾಲದಲ್ಲಿ ಭೂರಾಜಕೀಯದ ವಿಭಾಗವಿದೆ. ಇಲ್ಲಿ ಸಿಗದ್ದು ಎರಡು. ಒಂದು ಭಾಷೆ. ಚೀನೀ ಭಾಷೆಯನ್ನು ವೃತ್ತಪತ್ರಿಕೆ ಓದುವ ಮಟ್ಟಕ್ಕೆ ಕಲಿಯಲು ಆ ಭಾಷೆ ಆಡುವ ಊರಿನಲ್ಲೇ ಇರಬೇಕು. ತೈವಾನ್ ಸರ್ಕಾರ ಹುವಾಯು ವಿದ್ಯಾರ್ಥಿವೇತನದ ಹೆಸರಿನಲ್ಲಿ ವಿದೇಶಿಯರಿಗೆ ಮಾಸಿಕ ವೇತನ ಕೊಟ್ಟು ಮ್ಯಾಂಡರಿನ್ ಕಲಿಸುತ್ತದೆ. ಲಂಡನ್ನಿನ ಎಂ.ಎ.ಗಿಂತ ತೈಪೆಯ ಒಂದು ವರ್ಷ ಭಾರತದ ಭದ್ರತಾ ಸಂಸ್ಥೆಗಳಿಗೆ ಹೆಚ್ಚು ಉಪಯೋಗದ್ದು ಎಂದು ನಾವು ಹಿಂಜರಿಯದೆ ಹೇಳುತ್ತೇವೆ.

ಎರಡನೆಯದು ದಾಖಲೆಗಳು. ನಿಮ್ಮ ಊರಿನ ಕಡಲಿಗೆ ಸೇರಿದ ಒಂದು ವಿಷಯವನ್ನೇ ತೆಗೆದುಕೊಳ್ಳಿ. 1961ರ ನವೆಂಬರಿನಲ್ಲಿ ಅಂಜುದೀವ್ ದ್ವೀಪದ ಪೋರ್ಚುಗೀಸ್ ಪಡೆ ಭಾರತದ ಹಡಗಿನ ಮೇಲೂ ಮೀನುಗಾರರ ಮೇಲೂ ಗುಂಡು ಹಾರಿಸಿತು; ಡಿಸೆಂಬರ್ 18ರಂದು ಐಎನ್‌ಎಸ್ ತ್ರಿಶೂಲ್‌ನಿಂದ ಇಳಿದ ತುಕಡಿ ದ್ವೀಪವನ್ನು ವಶಪಡಿಸಿಕೊಳ್ಳುವಾಗ ನಮ್ಮ ಏಳು ನಾವಿಕರು ಸತ್ತರು. ಇಂದು ಆ ದ್ವೀಪ ಕಾರವಾರ ನೌಕಾನೆಲೆಗೆ ಸೇರಿದೆ. ಎದುರಾಳಿ ಏನು ಅಂದುಕೊಂಡಿದ್ದ, ಅವನಿಗೆ ಯಾವ ಆದೇಶ ಬಂದಿತ್ತು ಎಂಬುದನ್ನು ಲಿಸ್ಬನ್ನಿನ ಕಾಗದಗಳಿಂದ ತಿಳಿಯಬೇಕು, ಅದಕ್ಕೆ ಪೋರ್ಚುಗೀಸ್ ಓದಲು ಬರಬೇಕು. ಇನ್ನೂ ಹಿಂದಕ್ಕೆ ಹೋದರೆ, ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡದ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಲೆಕ್ಕಾಚಾರವಿತ್ತು. ಆ ಕಾಲದ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಇಂಥ ಪ್ರಶ್ನೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವವರಿಗೆ ಲಂಡನ್ ತಕ್ಕ ಊರು.

ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಕೇಂದ್ರ ಸೇವೆಗೆ ಸೇರಿದವರಿಗೆ ಒಟ್ಟು 24 ತಿಂಗಳವರೆಗೆ ಅಧ್ಯಯನ ರಜೆಗೆ ಅವಕಾಶವಿದೆ. ಸೇನೆಯ ಅಧಿಕಾರಿಗಳು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಡಿಫೆನ್ಸ್ ಸ್ಟಡೀಸ್‌ನಂಥ ಕಡೆಗೆ ಸರ್ಕಾರದ ಖರ್ಚಿನಲ್ಲೇ ಹೋಗುತ್ತಾರೆ. ನೀಲಗಿರಿಯ ವೆಲಿಂಗ್ಟನ್ನಿನಲ್ಲಿರುವ ರಕ್ಷಣಾ ಪಡೆಗಳ ಸ್ಟಾಫ್ ಕಾಲೇಜು ಮುಗಿಸಿದವರಿಗೆ ಮದ್ರಾಸ್ ವಿಶ್ವವಿದ್ಯಾಲಯದ ಎಂ.ಎಸ್‌ಸಿ. ಪದವಿ ಸಿಗುತ್ತದೆ. ಕೆಲಸ ಸಿಕ್ಕ ಮೇಲೂ ಓದು ಇದೆ, ಆಗ ಮನೆಯ ಹಣವೂ ಬೇಕಾಗುವುದಿಲ್ಲ.

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿ ಭದ್ರತಾ ಅಧ್ಯಯನದ ಎಂ.ಎ.ಗೆ ಪ್ರವೇಶ ಪಡೆದಿದ್ದಾನೆ. ಮುಗಿಸಿ ಬಂದು ಐ.ಬಿ. ಪರೀಕ್ಷೆ ಬರೆಯುವನಂತೆ. ನಮಗೆ ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಹೊಂದಿದ ಸೊಪ್ಪಿನ ಬೆಟ್ಟ ಇದೆ. ಇವುಗಳ ಮೇಲೆ ಶಿಕ್ಷಣ ಸಾಲ ಸಿಗುವುದೇ? ಕೊಡಿಸುವುದು ಸರಿಯೇ? (ಅಡಿಕೆ ಬೆಳೆಗಾರರು, ಶಿರಸಿ ತಾಲೂಕು)

ಉತ್ತರ: ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ಏಳೂವರೆ ಲಕ್ಷದವರೆಗೆ ಆಸ್ತಿಯ ಅಡಮಾನ ಬೇಡ, ಅದನ್ನು ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಆಧಾರ ಬೇಕು. ಲಂಡನ್ನಿನಂಥ ಊರಾದರೆ ಶುಲ್ಕ, ವಾಸ, ವೀಸಾ, ವರ್ಷಕ್ಕೆ 776 ಪೌಂಡಿನ ಆರೋಗ್ಯ ಶುಲ್ಕ ಎಲ್ಲ ಸೇರಿ ನಲವತ್ತು ಲಕ್ಷ ರೂಪಾಯಿಯ ಸುತ್ತಮುತ್ತ ಬರುತ್ತದೆ. ಸೊಪ್ಪಿನ ಬೆಟ್ಟ ಸರ್ಕಾರದ ಭೂಮಿ. ಅದರಲ್ಲಿ ನಿಮಗಿರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಮಾತ್ರವಾದ್ದರಿಂದ ಅದನ್ನು ಅಡವಿಡಲು ಬರುವುದಿಲ್ಲ. ತೋಟದ ವಿಷಯದಲ್ಲಿಯೂ ಬ್ಯಾಂಕುಗಳು ಹಿಂದೇಟು ಹಾಕುವುದುಂಟು, ಏಕೆಂದರೆ ಸಾಲ ತೀರದಿದ್ದಾಗ ನ್ಯಾಯಾಲಯಕ್ಕೆ ಹೋಗದೆ ಆಸ್ತಿ ಜಪ್ತಿ ಮಾಡಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಪಹಣಿಯ ಹನ್ನೊಂದನೆಯ ಕಲಮಿನಲ್ಲಿ ಸೊಸೈಟಿಯ ಬೆಳೆಸಾಲದ ಬೋಜಾ ಇದೆಯೇ, ಅಣ್ಣತಮ್ಮಂದಿರ ಹೆಸರು ಜಂಟಿಯಾಗಿ ಇದೆಯೇ ಎಂಬುದನ್ನು ಬ್ಯಾಂಕಿಗೆ ಹೋಗುವ ಮೊದಲೇ ನೋಡಿಕೊಳ್ಳಿ. ಜಂಟಿ ಇದ್ದರೆ ಎಲ್ಲರ ಸಹಿ ಬೇಕಾಗುತ್ತದೆ. ಬಿನ್‌ಶೇತ್ಕಿ (ಕೃಷಿಯೇತರ) ಆದ ಮನೆ ಅಥವಾ ನಿವೇಶನ ಇದ್ದರೆ ಕೆಲಸ ಸಲೀಸು.

ಕೊಡಿಸುವುದು ಸರಿಯೇ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ. ನಲವತ್ತು ಲಕ್ಷ ಸಾಲಕ್ಕೆ ಶೇಕಡ 10ರ ಬಡ್ಡಿ, ಹದಿನೈದು ವರ್ಷದ ಅವಧಿ ಎಂದುಕೊಂಡರೆ ತಿಂಗಳ ಕಂತು ಸುಮಾರು 43,000 ರೂಪಾಯಿ. ನಿಮ್ಮ ಮಗ ಬಯಸುತ್ತಿರುವ ಐ.ಬಿ. ಹುದ್ದೆಯ ಆರಂಭದ ಮೂಲ ವೇತನ 44,900 ರೂಪಾಯಿ, ಭತ್ಯೆಗಳು ಬೇರೆ. ಬಡ್ಡಿಗೆ ಆದಾಯ ತೆರಿಗೆಯ ವಿನಾಯಿತಿ ಇದೆಯೆಂದು ಯಾರಾದರೂ ಹೇಳಿದರೆ, ಅಡಿಕೆಯ ಆದಾಯಕ್ಕೆ ಆ ತೆರಿಗೆಯೇ ಇಲ್ಲದಿರುವಾಗ ತಮಗೆ ಅದರಿಂದ ಪ್ರಯೋಜನವಿಲ್ಲ ಎಂಬುದನ್ನು ನೆನಪಿಡಿ. ವಿದೇಶಿ ಪದವಿ ಕೇಳದ ಹುದ್ದೆಗಾಗಿ ಇಷ್ಟು ಸಾಲ ಮಾಡುವುದು ನಮಗೆ ಸರಿ ಕಾಣುವುದಿಲ್ಲ.

ಮಗನಿಗೆ ಹೋಗಲೇಬೇಕೆಂದಿದ್ದರೆ ಎರಡು ವರ್ಷ ಕೆಲಸ ಮಾಡಿ ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸಲಿ. ಅದಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಶುಲ್ಕ ಮತ್ತು ವಾಸದ ಖರ್ಚನ್ನು ಅವರೇ ಭರಿಸುತ್ತಾರೆ, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬುದು ಷರತ್ತು. ಭಾರತದಲ್ಲಿಯೇ ಕೆಲಸ ಮಾಡಲು ಬಯಸುವವನಿಗೆ ಈ ಷರತ್ತು ಭಾರವಲ್ಲ. ಇದೇ ಪ್ರಶ್ನೆಯನ್ನು ಕೇಳುವ ಪರಿಶಿಷ್ಟ ಜಾತಿ ಮತ್ತು ಪಂಗಡದ ಓದುಗರು ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನು ವಿಚಾರಿಸಬಹುದು.

ಪ್ರಶ್ನೆ: ವಿದೇಶದಲ್ಲಿ ಓದಿ ಬಂದವರನ್ನು ಭದ್ರತಾ ಇಲಾಖೆಗಳು ಅನುಮಾನದಿಂದ ನೋಡುತ್ತವೆ, ಅಲ್ಲಿ ವಿದೇಶಿ ಸ್ನೇಹಿತರಿದ್ದರೆ ಕೆಲಸವೇ ಸಿಗುವುದಿಲ್ಲ ಎಂದು ನಮ್ಮ ಮಾವ ಹೇಳುತ್ತಾರೆ. ನಿಜವೇ? (ಓದುಗ, ಕುಮಟಾ)

ಉತ್ತರ: ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಕೇಂದ್ರ ಸರ್ಕಾರದ ಕೆಲಸಕ್ಕೆ ಆಯ್ಕೆಯಾದವರು ತುಂಬಿಕೊಡುವ ದೃಢೀಕರಣ ನಮೂನೆಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಒಂದೇ ಕಡೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಎಲ್ಲ ವಿಳಾಸಗಳನ್ನು ಬರೆಯಬೇಕು. ವಿದೇಶದಲ್ಲಿ ಇದ್ದವರು 21 ವರ್ಷ ತುಂಬಿದ ನಂತರ ಒಂದು ವರ್ಷಕ್ಕಿಂತ ಹೆಚ್ಚು ವಾಸವಿದ್ದ ಸ್ಥಳಗಳ ವಿವರವನ್ನೂ ಕೊಡಬೇಕು. ಕುಮಟಾದ ವಿಳಾಸವನ್ನು ಪೊಲೀಸರು ಮನೆಗೆ ಬಂದು ಪರಿಶೀಲಿಸಬಹುದು, ಗ್ಲಾಸ್ಗೊದ ವಿಳಾಸಕ್ಕೆ ಹಾಗೆ ಹೋಗಲಾಗುವುದಿಲ್ಲ; ಆದ್ದರಿಂದ ಪರಿಶೀಲನೆ ತಡವಾಗುವ ಸಂಭವವಿದೆ. ಬಾಡಿಗೆ ಕರಾರು, ವಿಶ್ವವಿದ್ಯಾಲಯದ ಪತ್ರಗಳು, ವೀಸಾ ಪುಟಗಳ ಪ್ರತಿ, ಅಲ್ಲಿ ಮಾಡಿದ ಅರೆಕಾಲಿಕ ಕೆಲಸದ ಸಂಬಳದ ಚೀಟಿ, ಇವನ್ನು ಒಂದು ಕಡತದಲ್ಲಿ ಇಟ್ಟುಕೊಂಡವರಿಗೆ ತೊಂದರೆ ಕಡಿಮೆ. ಸಹಪಾಠಿಯೊಬ್ಬ ವಿದೇಶಿ ಎಂಬುದು ದೋಷವಲ್ಲ. ಕೇಳಿದ್ದನ್ನು ಮುಚ್ಚಿಡುವುದು ದೋಷ. ತಪ್ಪು ಮಾಹಿತಿ ಕೊಟ್ಟರೆ ಅಥವಾ ಮಾಹಿತಿ ಮರೆಮಾಚಿದರೆ ಅನರ್ಹರಾಗುತ್ತೀರಿ ಎಂಬ ಎಚ್ಚರಿಕೆ ಆ ನಮೂನೆಯ ತಲೆಬರಹದಲ್ಲೇ ಇರುತ್ತದೆ.

ಮಾವನವರ ಭಯಕ್ಕೆ ಕಾರಣವಿಲ್ಲದೆ ಇಲ್ಲ. ಕಾರವಾರ ನೌಕಾನೆಲೆಯ ಮಾಹಿತಿ ಸೋರಿಕೆಯ ಆರೋಪದ ಮೇಲೆ ರಾಷ್ಟ್ರೀಯ ತನಿಖಾ ಸಂಸ್ಥೆ 2025ರ ಫೆಬ್ರವರಿಯಲ್ಲಿ ಜಿಲ್ಲೆಯವರನ್ನು ಬಂಧಿಸಿದ್ದು ಇನ್ನೂ ಎಲ್ಲರ ನೆನಪಿನಲ್ಲಿದೆ. ಇಂಥ ಪ್ರಕರಣಗಳಲ್ಲಿ ಪರಿಚಯ ಬೆಳೆಯುವುದು ವಿಶ್ವವಿದ್ಯಾಲಯದ ಕೋಣೆಗಿಂತ ಮೊಬೈಲಿನಲ್ಲೇ ಹೆಚ್ಚು. ಭದ್ರತಾ ಅಧ್ಯಯನದ ವಿದ್ಯಾರ್ಥಿಗಳಿಗೆ ಬರುವ ಗಾಳದ ಬಗೆ ಬೇರೆ: ಉದ್ಯೋಗ ಸಂಪರ್ಕದ ಜಾಲತಾಣವಾದ ಲಿಂಕ್ಡ್‌ಇನ್‌ನಲ್ಲಿ ಅಪರಿಚಿತ ‘ಸಲಹಾ ಸಂಸ್ಥೆ’ಯೊಂದು ಪರಿಚಯ ಮಾಡಿಕೊಂಡು, ಪತ್ರಿಕೆಗಳಲ್ಲಿ ಬಂದದ್ದನ್ನೇ ಆಧರಿಸಿ ನಾಲ್ಕು ಪುಟದ ವರದಿ ಬರೆಸಿ ಒಳ್ಳೆಯ ಹಣ ಕೊಡುತ್ತದೆ, ಎರಡನೆಯ, ಮೂರನೆಯ ವರದಿಯ ಹೊತ್ತಿಗೆ ಪತ್ರಿಕೆಗಳಲ್ಲಿ ಬಾರದ ವಿಷಯವನ್ನು ಕೇಳುತ್ತದೆ. ಬ್ರಿಟನ್ನಿನ ಎಂಐ5 2021ರಲ್ಲಿಯೇ ಈ ಬಗ್ಗೆ ತನ್ನ ನಾಗರಿಕರನ್ನು ಎಚ್ಚರಿಸಿತ್ತು. ನೌಕಾನೆಲೆಯ ಊರಿನವರೆಂದು ಪರಿಚಯದಲ್ಲಿ ಬರೆದುಕೊಂಡವರಿಗೆ ಇಂಥ ಸಂದೇಶ ಬಂದರೆ ಉತ್ತರಿಸದೆ, ಅದರ ಪ್ರತಿಯನ್ನು ಪೊಲೀಸರಿಗೆ ಕೊಡುವುದು ಉಚಿತ.

ಪ್ರಶ್ನೆ: ನಮ್ಮದು ಮೀನುಗಾರಿಕೆಯ ಮನೆತನ, ತಂದೆಗೆ ಬೋಟು ಇದೆ. ಮಂಗಳೂರಿನಲ್ಲಿ ಮೀನುಗಾರಿಕಾ ವಿಜ್ಞಾನದ ಪದವಿ ಮುಗಿಸಿದ್ದೇನೆ. ಕಡಲ ಭದ್ರತೆಯ ವಿಷಯ ಓದಲು ಯಾವ ದೇಶಕ್ಕೆ ಹೋಗಬಹುದು? (ಯುವಕ, ಹೊನ್ನಾವರ)

ಉತ್ತರ: ಈ ಸಂಚಿಕೆಯ ಪತ್ರಗಳಲ್ಲಿ ವಿದೇಶಕ್ಕೆ ಹೋಗಿ ಎಂದು ಮನಃಪೂರ್ವಕವಾಗಿ ಹೇಳಬಹುದಾದದ್ದು ನಿಮಗೊಬ್ಬರಿಗೆ. 2008ರ ನವೆಂಬರಿನಲ್ಲಿ ಮುಂಬೈಗೆ ಬಂದ ಭಯೋತ್ಪಾದಕರು ‘ಕುಬೇರ್’ ಎಂಬ ಮೀನುಗಾರಿಕಾ ದೋಣಿಯನ್ನು ಅಪಹರಿಸಿಕೊಂಡು ಬಂದಿದ್ದರು. ಆ ನಂತರವೇ ಮೀನುಗಾರರಿಗೆ ಗುರುತಿನ ಚೀಟಿ, ದೋಣಿಗಳ ಬಣ್ಣ ಮತ್ತು ನೋಂದಣಿಯ ತಪಾಸಣೆ, ಕರಾವಳಿ ಕಾವಲು ಪೊಲೀಸರ ಬಲವರ್ಧನೆ ಎಲ್ಲ ನಡೆದದ್ದು. ಯಾವ ಬೋಟು ಯಾವ ಹೊತ್ತಿನಲ್ಲಿ ಎಲ್ಲಿ ಇರುವುದು ಸಹಜ, ಯಾವುದು ಅಸಹಜ ಎಂಬುದು ಮೀನುಗಾರರಿಗೆ ತಿಳಿದಷ್ಟು ಉಪಗ್ರಹಕ್ಕೆ ತಿಳಿಯುವುದಿಲ್ಲ. ಆ ತಿಳಿವಳಿಕೆಗೆ ಕಡಲ ಕಾನೂನನ್ನು, ಅಂದರೆ 1982ರ ವಿಶ್ವಸಂಸ್ಥೆಯ ಒಡಂಬಡಿಕೆ, ಹನ್ನೆರಡು ನಾಟಿಕಲ್ ಮೈಲಿನ ಪ್ರಾದೇಶಿಕ ಸಮುದ್ರ, ಇನ್ನೂರು ಮೈಲಿನ ಆರ್ಥಿಕ ವಲಯ ಇವುಗಳ ವಿಷಯವನ್ನು ಸೇರಿಸಿಕೊಂಡವರು ನಮ್ಮಲ್ಲಿ ವಿರಳ.

ಸ್ವೀಡನ್ನಿನ ಮಾಲ್ಮೊದಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆ 1983ರಲ್ಲಿ ಸ್ಥಾಪಿಸಿದ ವಿಶ್ವ ಕಡಲ ವಿಶ್ವವಿದ್ಯಾಲಯವಿದೆ. ಅಲ್ಲಿನ ಬಹಳಷ್ಟು ವಿದ್ಯಾರ್ಥಿಗಳು ದಾನಿ ಸಂಸ್ಥೆಗಳ ನೆರವಿನಿಂದ ಓದುವವರು. ಆಸ್ಟ್ರೇಲಿಯಾದ ವೊಲಾಂಗಾಂಗ್ ವಿಶ್ವವಿದ್ಯಾಲಯದಲ್ಲಿ ಸಾಗರ ಸಂಪನ್ಮೂಲ ಮತ್ತು ಭದ್ರತೆಗೆಂದೇ ಒಂದು ಕೇಂದ್ರವಿದೆ. ಅಕ್ರಮ ಮೀನುಗಾರಿಕೆಯನ್ನು ಭದ್ರತೆಯ ಪ್ರಶ್ನೆಯಾಗಿ ನೋಡುವ ಕ್ರಮವನ್ನು ಅಲ್ಲಿ ಕಲಿಯಬಹುದು. ಮರಳಿ ಬಂದವರಿಗೆ ದೆಹಲಿಯ ನ್ಯಾಷನಲ್ ಮ್ಯಾರಿಟೈಮ್ ಫೌಂಡೇಶನ್‌ನಂಥ ಸಂಶೋಧನಾ ಸಂಸ್ಥೆಗಳಿವೆ. ಹಿಂದೂ ಮಹಾಸಾಗರದ ಹಡಗುಗಳ ಮಾಹಿತಿಯನ್ನು ಒಟ್ಟುಗೂಡಿಸುವ ನೌಕಾಪಡೆಯ ಕೇಂದ್ರ 2018ರಿಂದ ಗುರುಗ್ರಾಮದಲ್ಲಿ ನಡೆಯುತ್ತಿದೆ. ಅದು ಪ್ರಕಟಿಸುವ ಮಾಸಿಕ ವರದಿಗಳನ್ನು ಈಗಿನಿಂದಲೇ ಓದಲು ಆರಂಭಿಸಿ. ವಯಸ್ಸು 25 ದಾಟಿಲ್ಲವಾದರೆ ಕರಾವಳಿ ರಕ್ಷಣಾ ಪಡೆಯ ಪರೀಕ್ಷೆಯ ಅರ್ಹತಾ ನಿಯಮಗಳನ್ನೂ ಒಮ್ಮೆ ನೋಡಿಕೊಳ್ಳಿ. ಪಿಯುಸಿಯಲ್ಲಿ ಗಣಿತ ಮತ್ತು ಭೌತವಿಜ್ಞಾನ ಓದಿರಬೇಕೆಂಬ ನಿಯಮ ಅಲ್ಲಿ ಕಟ್ಟುನಿಟ್ಟು.

ಪ್ರಶ್ನೆ: ಸೈಬರ್ ಭದ್ರತೆ ಓದಲು ಬ್ರಿಟನ್ ಒಳ್ಳೆಯದೇ, ಎಸ್ಟೋನಿಯಾ ಒಳ್ಳೆಯದೇ? (ಬಿ.ಇ. ವಿದ್ಯಾರ್ಥಿ, ಅಂಕೋಲಾ)

ಉತ್ತರ: ಎಸ್ಟೋನಿಯಾದ ಟ್ಯಾಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ಸೈಬರ್ ಭದ್ರತೆಯ ಸ್ನಾತಕೋತ್ತರ ಪದವಿಗೆ ಹೆಸರಿದೆ, ಖರ್ಚೂ ಬ್ರಿಟನ್ನಿಗಿಂತ ಕಡಿಮೆ. ಬ್ರಿಟನ್ನಿನಲ್ಲಿ ಕೆಲವು ಸೂಕ್ಷ್ಮ ತಾಂತ್ರಿಕ ವಿಷಯಗಳನ್ನು ಓದಲು ಭಾರತೀಯರು ವೀಸಾಕ್ಕೆ ಮೊದಲು ಎಟಿಎಎಸ್ ಎಂಬ ಅನುಮತಿ ಪತ್ರ ಪಡೆಯಬೇಕಾಗುತ್ತದೆ. ನಿಮ್ಮ ಕೋರ್ಸಿಗೆ ಅದು ಬೇಕೇ ಎಂದು ವಿಶ್ವವಿದ್ಯಾಲಯದ ಪ್ರವೇಶ ಪತ್ರದಲ್ಲಿ ನೋಡಿ, ಬೇಕಿದ್ದರೆ ಕೆಲವು ವಾರ ಮೊದಲೇ ಅರ್ಜಿ ಹಾಕಿ. ಈ ಎರಡಕ್ಕೂ ಮೊದಲು ಧಾರವಾಡದಲ್ಲಿರುವ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಅದು ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿರುವ ಸಂಸ್ಥೆ, ಅಂಕೋಲಾದಿಂದ ಬೆಳಗಿನ ಬಸ್ಸಿಗೆ ಹೊರಟರೆ ಸಂಜೆಯೊಳಗೆ ವಿಚಾರಿಸಿಕೊಂಡು ಹಿಂತಿರುಗಬಹುದು.